ಇಳುವರಿ ರೇಖೆ: ಜಾತಕವೋ, ಲೆಕ್ಕಪತ್ರವೋ?

2020ರ ಅಕ್ಟೋಬರ್‌ನಲ್ಲಿ, ಕೊರೋನಾದ ಹೊಡೆತದಿಂದ ದೇಶ ಇನ್ನೂ ಚೇತರಿಸಿಕೊಂಡಿರದ ಹೊತ್ತಿನಲ್ಲಿ, ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಒಂದು ಮಾತು ಹೇಳಿದರು. ಸರಕಾರಿ ಬಾಂಡುಗಳ ಇಳುವರಿ ರೇಖೆ ಕ್ರಮಬದ್ಧವಾಗಿ ಸಾಗುವುದು ಸಾರ್ವಜನಿಕ ಸೊತ್ತು, ಅದನ್ನು ಕಾಯುವ ಹೊಣೆ ಮಾರುಕಟ್ಟೆಯದ್ದೂ ಹೌದು, ರಿಸರ್ವ್ ಬ್ಯಾಂಕಿನದ್ದೂ ಹೌದು ಎಂಬುದು ಆ ಮಾತಿನ ಸಾರ. ಊರ ಬಾವಿ, ಊರ ರಸ್ತೆ, ಬೀದಿದೀಪದಂತೆ ಇದೂ ಎಲ್ಲರಿಗೆ ಸೇರಿದ್ದು ಎಂದಂತಾಯಿತು. ಒಳ್ಳೆಯ ಮಾತೇ. ಆದರೆ ಊರ ಬಾವಿ ಬತ್ತಿದರೆ ಊರಿನ ಪ್ರತಿಯೊಬ್ಬರಿಗೂ ಗೊತ್ತಾಗುತ್ತದೆ. ಈ ರೇಖೆ ಬಾಗಿದರೆ, ಮಲಗಿದರೆ, ತಲೆಕೆಳಗಾದರೆ ಎಷ್ಟು ಮಂದಿಗೆ ಗೊತ್ತಾಗುತ್ತದೆ? ಒಡೆಯನಿಗೇ ಕಾಣದ ಸೊತ್ತು ಅದೆಂಥ ಸಾರ್ವಜನಿಕ ಸೊತ್ತು?

ಸಂಸ್ಕೃತಿ, ಸಮಾಜದ ಬಗ್ಗೆ ಓದಲು ಕುಳಿತವರಿಗೆ ಬಾಂಡಿನ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಉತ್ತರ ಸರಳ. ನಿವೃತ್ತ ಶಿಕ್ಷಕರ ಠೇವಣಿಗೆ ಎಷ್ಟು ಬರಬೇಕು, ಬೀಡಿ ಕಟ್ಟುವ ತಾಯಂದಿರ ಭವಿಷ್ಯ ನಿಧಿ ಎಷ್ಟು ಬೆಳೆಯಬೇಕು, ಮನೆ ಸಾಲದ ಕಂತು ಎಷ್ಟಿರಬೇಕು, ಸರಕಾರದ ಬೊಕ್ಕಸದಲ್ಲಿ ಶಾಲೆ, ಆಸ್ಪತ್ರೆಗಳಿಗೆ ಎಷ್ಟು ಉಳಿಯಬೇಕು ಎಂಬುದರ ಮೇಲೆಲ್ಲ ಈ ರೇಖೆಯ ನೆರಳು ಬೀಳುತ್ತದೆ. ಇದು ಸಮಾಜದ ಪ್ರಶ್ನೆಯಲ್ಲವಾದರೆ ಮತ್ತಾವುದು ಸಮಾಜದ ಪ್ರಶ್ನೆ?

ಆದರೆ ಇಂದು ಈ ರೇಖೆಯ ಬಗ್ಗೆ ಮಾತನಾಡುವವರು ಅದನ್ನು ಜಾತಕದಂತೆ ಓದುತ್ತಾರೆ. ಟಿವಿಯಲ್ಲಿ ಕುಳಿತ ಪರಿಣತರು ರೇಖೆ ಮೇಲಕ್ಕೇರಿದೆ, ಕಾಲ ಚೆನ್ನಾಗಿದೆ ಎನ್ನುತ್ತಾರೆ. ತಲೆಕೆಳಗಾಗಿದೆ, ಕೆಟ್ಟ ಕಾಲ ಕಾದಿದೆ ಎನ್ನುತ್ತಾರೆ. ಗ್ರಹಗತಿಗೆ ಯಾರು ಹೊಣೆ? ಯಾರೂ ಅಲ್ಲ! ಈ ಓದಿನ ದೊಡ್ಡ ಮೋಸವೇ ಅದು. ಇಳುವರಿ ರೇಖೆಯನ್ನು ಬರೆಯುವುದು ವಿಧಿಯಲ್ಲ. ಅದನ್ನು ಬರೆಯುವವರಿಗೆ ಹೆಸರಿದೆ, ಕಚೇರಿಯಿದೆ, ಹುದ್ದೆಯಿದೆ. ಹಾಗಾಗಿ ಅದನ್ನು ಲೆಕ್ಕಪತ್ರದಂತೆ ಓದಬೇಕು, ಲೆಕ್ಕ ಕೇಳಬೇಕು ಎಂಬುದು ನಮ್ಮ ವಾದ.

ಮೊದಲು ವಿಷಯವನ್ನು ಅರ್ಥ ಮಾಡಿಕೊಳ್ಳೋಣ. ಬಾಂಡ್ ಅಂದರೆ ಸಾಲಪತ್ರ. ಸರಕಾರ ಸಾಲ ಪಡೆದು, ಇಂತಿಷ್ಟು ಅವಧಿಗೆ ಇಂತಿಷ್ಟು ಬಡ್ಡಿ ಕೊಟ್ಟು ಅಸಲನ್ನು ಮರಳಿಸುತ್ತೇನೆ ಎಂದು ಬರೆದುಕೊಡುವ ಪತ್ರ. ಈ ಪತ್ರವನ್ನು ಪೇಟೆಯಲ್ಲಿ ಮಾರಬಹುದು, ಕೊಳ್ಳಬಹುದು. ವರ್ಷದ ಕೊನೆಗೆ 107 ರೂಪಾಯಿ ಕೊಡುವ ಪತ್ರವೊಂದನ್ನು 100 ರೂಪಾಯಿಗೆ ಕೊಂಡರೆ ಶೇ. 7ರ ಗಳಿಕೆ. ಅದೇ ಪತ್ರ ಪೇಟೆಯಲ್ಲಿ 98 ರೂಪಾಯಿಗೆ ಸಿಕ್ಕಿದರೆ ಗಳಿಕೆ ಶೇ. 9.2ರಷ್ಟಾಗುತ್ತದೆ. 102 ರೂಪಾಯಿ ಕೊಟ್ಟು ಕೊಂಡರೆ ಶೇ. 4.9ಕ್ಕೆ ಇಳಿಯುತ್ತದೆ. ಈ ಗಳಿಕೆಯೇ ಇಳುವರಿ. ಬಾಂಡಿನ ಬೆಲೆ ಇಳಿದರೆ ಇಳುವರಿ ಏರುತ್ತದೆ, ಬೆಲೆ ಏರಿದರೆ ಇಳುವರಿ ಇಳಿಯುತ್ತದೆ. ಇಷ್ಟನ್ನು ನೆನಪಿಟ್ಟುಕೊಂಡರೆ ಅರ್ಧ ದಾರಿ ಕಳೆದಂತೆ.

ನಮ್ಮ ಕೇಂದ್ರ ಸರಕಾರ 91, 182 ಮತ್ತು 364 ದಿನಗಳ ಅವಧಿಗೆ ಖಜಾನೆ ಹುಂಡಿಗಳ ಮೂಲಕ ಸಾಲ ಪಡೆಯುತ್ತದೆ. 10 ವರ್ಷ, 30 ವರ್ಷ, 40 ವರ್ಷಗಳಿಗೂ ಪಡೆಯುತ್ತದೆ. 2023ರ ನವೆಂಬರ್‌ನಲ್ಲಿ ಮೊದಲ ಬಾರಿಗೆ 50 ವರ್ಷಗಳ ಬಾಂಡನ್ನೂ ಹೊರಡಿಸಿತು. ಅಂದರೆ ಇಂದು ಹುಟ್ಟಿದ ಮಗುವಿಗೆ ಮೊಮ್ಮಕ್ಕಳಾಗುವ ಹೊತ್ತಿಗೆ ತೀರುವ ಸಾಲ! ಒಂದು ಹಾಳೆಯ ಮೇಲೆ ಈ ಅವಧಿಗಳನ್ನು ಎಡದಿಂದ ಬಲಕ್ಕೆ ಬರೆದು, ಪ್ರತಿ ಅವಧಿಯ ಮೇಲೆ ಅದರ ಇಳುವರಿಯ ಎತ್ತರದಲ್ಲಿ ಒಂದೊಂದು ಚುಕ್ಕಿ ಇಟ್ಟು, ಚುಕ್ಕಿಗಳನ್ನು ಜೋಡಿಸಿದರೆ ಇಳುವರಿ ರೇಖೆ ಸಿದ್ಧ.

ಸಾಮಾನ್ಯವಾಗಿ ಈ ರೇಖೆ ಎಡದಿಂದ ಬಲಕ್ಕೆ ನಿಧಾನವಾಗಿ ಏರುತ್ತದೆ. ಕಾರಣ ಯಾರಿಗೂ ಹೊಳೆಯುವಂಥದ್ದು. ಒಂದು ತಿಂಗಳಿಗೆ ಕೊಟ್ಟ ಕೈಸಾಲಕ್ಕೂ ಹತ್ತು ವರ್ಷಕ್ಕೆ ಕೊಟ್ಟ ಸಾಲಕ್ಕೂ ವ್ಯತ್ಯಾಸವಿಲ್ಲವೇ? ಹತ್ತು ವರ್ಷದಲ್ಲಿ ಬೆಲೆಯೇರಿಕೆ ಹಣದ ಶಕ್ತಿಯನ್ನು ತಿನ್ನಬಹುದು, ನಡುವೆ ಹಣದ ತುರ್ತು ಬರಬಹುದು. ಹಾಗಾಗಿ ದೀರ್ಘಾವಧಿಗೆ ಕೊಡುವವನು ಸ್ವಲ್ಪ ಹೆಚ್ಚು ಕೇಳುತ್ತಾನೆ. ಇನ್ನೊಂದು ಸಂಗತಿಯೂ ಇದೆ. ರೇಖೆಯ ಎಡತುದಿ, ಅಂದರೆ ಅಲ್ಪಾವಧಿಯ ದರ, ಬಹುತೇಕ ಕೇಂದ್ರೀಯ ಬ್ಯಾಂಕಿನ ಕೈಯಲ್ಲಿರುತ್ತದೆ. ಅದು ರೆಪೊ ದರವನ್ನು ಏರಿಸಿದರೆ ಎಡತುದಿ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಬಲತುದಿಯನ್ನು ಎಳೆಯುವವರು ದೊಡ್ಡ ಸಾಲಿಗರಾದ ಬ್ಯಾಂಕು, ವಿಮಾ ಕಂಪೆನಿ, ಪಿಂಚಣಿ ನಿಧಿಗಳು. ಮುಂದೆ ದರಗಳು ಎತ್ತ ಸಾಗುತ್ತವೆ, ಬೆಲೆಯೇರಿಕೆ ಎಷ್ಟಾಗುತ್ತದೆ, ಸರಕಾರ ಇನ್ನೆಷ್ಟು ಸಾಲ ಮಾಡುತ್ತದೆ ಎಂಬ ಅವರ ಅಂದಾಜು ಅಲ್ಲಿ ಕಾಣುತ್ತದೆ. ಎರಡು ತುದಿ, ಎರಡು ಕೈ. ರೇಖೆಯ ಆಕಾರ ಬದಲಾದಾಗಲೆಲ್ಲ ಯಾವ ಕೈ ಎಳೆಯಿತು ಎಂದು ಕೇಳುವುದೇ ಸರಿಯಾದ ಓದು.

ಈಗ ಕಡಿದಾದ ರೇಖೆಯನ್ನು ನೋಡೋಣ. ಪುಸ್ತಕಗಳ ಪ್ರಕಾರ ಎಡತುದಿ ಬಹಳ ಕೆಳಗೆ, ಬಲತುದಿ ಬಹಳ ಮೇಲೆ ಇದ್ದರೆ ಆರ್ಥಿಕತೆ ಚೇತರಿಸಿಕೊಳ್ಳುವ ಸೂಚನೆ. 2020ರ ಮೇಯಿಂದ 2022ರ ಮೇವರೆಗೆ ನಮ್ಮಲ್ಲಿ ರೆಪೊ ದರ ಶೇ. 4ರಲ್ಲಿತ್ತು. ಈ ಅವಧಿಯ ಹೆಚ್ಚಿನ ಕಾಲ 91 ದಿನಗಳ ಹುಂಡಿಯ ಇಳುವರಿ ಶೇ. 3ರಿಂದ 4ರ ನಡುವೆ ಓಡಾಡಿದರೆ, 10 ವರ್ಷಗಳ ಬಾಂಡಿನದ್ದು ಶೇ. 6ರ ಆಸುಪಾಸಿನಲ್ಲಿತ್ತು. ಈ ಶೇ. 6 ಕೂಡಾ ತಾನಾಗಿ ನಿಂತದ್ದಲ್ಲ. ಸರಕಾರದ ದೊಡ್ಡ ಸಾಲ ದುಬಾರಿಯಾಗದಂತೆ ರಿಸರ್ವ್ ಬ್ಯಾಂಕ್ ತಾನೇ ಬಾಂಡುಗಳನ್ನು ಕೊಂಡು ಬಲತುದಿಯನ್ನು ಅದುಮಿ ಹಿಡಿಯಿತು. 2021ರ ಏಪ್ರಿಲ್‌ನಲ್ಲಿ ಒಂದೇ ತ್ರೈಮಾಸಿಕಕ್ಕೆ ಒಂದು ಲಕ್ಷ ಕೋಟಿ ರೂಪಾಯಿಯ ಬಾಂಡ್ ಕೊಳ್ಳುವುದಾಗಿ ಘೋಷಿಸಿತು. ಸಂಕಟದ ಕಾಲದಲ್ಲಿ ಇದು ಅನಿವಾರ್ಯವಾಗಿತ್ತು ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಸರಕಾರದ ಸಾಲ ಅಗ್ಗವಾದರೆ ಪಡಿತರಕ್ಕೆ, ಲಸಿಕೆಗೆ ಹಣ ಉಳಿಯುತ್ತದೆ. ಆದರೆ ಆ ಅಗ್ಗದ ಬೆಲೆಯನ್ನು ಕೊಟ್ಟವರು ಯಾರು? 2020-21ರಲ್ಲಿ ಗ್ರಾಹಕ ಬೆಲೆಯೇರಿಕೆಯ ಸರಾಸರಿ ಶೇ. 6.2. ದೊಡ್ಡ ಬ್ಯಾಂಕುಗಳಲ್ಲಿ ಒಂದು ವರ್ಷದ ಠೇವಣಿಗೆ ಸಿಗುತ್ತಿದ್ದುದು ಶೇ. 5ರ ಆಸುಪಾಸು. ಠೇವಣಿಯಿಂದಲೇ ಔಷಧಿ, ದಿನಸಿ ನೋಡಿಕೊಳ್ಳಬೇಕಾದ ವೃದ್ಧರ ಗಂಟು ಪ್ರತಿ ವರ್ಷ ಕರಗಿತು. ಯಾವ ಸಂಸತ್ತೂ ಅವರ ಮೇಲೆ ಇಂಥದ್ದೊಂದು ತೆರಿಗೆ ಹಾಕಲು ಮತ ಹಾಕಿರಲಿಲ್ಲ. ಯಾವ ಚಾನೆಲ್ಲೂ ಅದನ್ನು ತೆರಿಗೆ ಎಂದು ಕರೆಯಲಿಲ್ಲ. ರೇಖೆ ಕಡಿದಾಗಿದೆ, ಶುಭ ಸೂಚನೆ ಎಂದರು, ಅಷ್ಟೆ.

ಇನ್ನು ಎಲ್ಲರನ್ನೂ ಹೆದರಿಸುವ ತಲೆಕೆಳಗಾದ ರೇಖೆ. ಇಲ್ಲಿ ಮೂರು ತಿಂಗಳ ಸಾಲಕ್ಕೆ ಹತ್ತು ವರ್ಷದ ಸಾಲಕ್ಕಿಂತ ಹೆಚ್ಚು ಬಡ್ಡಿ! ವಿಚಿತ್ರವೆನಿಸಿದರೂ ಇದರಲ್ಲಿ ನಿಗೂಢವೇನಿಲ್ಲ. ಕೇಂದ್ರೀಯ ಬ್ಯಾಂಕ್ ಎಡತುದಿಯನ್ನು ಎತ್ತಿ ಹಿಡಿದಿರುತ್ತದೆ. ಇಷ್ಟು ದುಬಾರಿ ಹಣದಲ್ಲಿ ವ್ಯಾಪಾರ ಕುಸಿಯುತ್ತದೆ, ಆಗ ದರ ಇಳಿಸಲೇಬೇಕಾಗುತ್ತದೆ ಎಂದು ಸಾಲಿಗರು ಎಣಿಸುತ್ತಾರೆ. ಇಂದಿನ ದರವನ್ನು ದೀರ್ಘಕಾಲಕ್ಕೆ ಭದ್ರ ಮಾಡಿಕೊಳ್ಳಲು ಅವರು ದೀರ್ಘಾವಧಿ ಬಾಂಡುಗಳನ್ನು ಮುಗಿಬಿದ್ದು ಕೊಳ್ಳುತ್ತಾರೆ. ಅವುಗಳ ಬೆಲೆ ಏರಿ ಇಳುವರಿ ಇಳಿಯುತ್ತದೆ. ಕ್ಯಾಂಪ್‌ಬೆಲ್ ಹಾರ್ವೆ ಎಂಬ ಅರ್ಥಶಾಸ್ತ್ರಜ್ಞರು 1986ರಲ್ಲಿ ಶಿಕಾಗೊ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಇಳುವರಿ ರೇಖೆಗೂ ಅಮೆರಿಕದ ಆರ್ಥಿಕ ಹಿಂಜರಿತಕ್ಕೂ ಇರುವ ನಂಟನ್ನು ತೋರಿಸಿದರು. 1990, 2001, 2007ರ ಹಿಂಜರಿತಗಳಿಗೆ ಮೊದಲು ರೇಖೆ ತಲೆಕೆಳಗಾಗಿದ್ದುದು ನಿಜ. 2019ರಲ್ಲೂ ಆಯಿತು, 2020ರಲ್ಲಿ ಹಿಂಜರಿತವೂ ಬಂತು. ಆದರೆ ಅದನ್ನು ತಂದದ್ದು ಒಂದು ವೈರಸ್. ವೈರಸ್ ಬರುವುದು ಬಾಂಡ್ ಪೇಟೆಗೆ ಮೊದಲೇ ಗೊತ್ತಿತ್ತೇ?

ಈ ಜಾತಕದ ಸತ್ವಪರೀಕ್ಷೆ ನಡೆದದ್ದು 2022ರಲ್ಲಿ. ಅಮೆರಿಕದಲ್ಲಿ ಬೆಲೆಯೇರಿಕೆ ಆ ವರ್ಷದ ಜೂನ್‌ನಲ್ಲಿ ಶೇ. 9.1ಕ್ಕೆ ಮುಟ್ಟಿತು. ಅಲ್ಲಿನ ಫೆಡರಲ್ ರಿಸರ್ವ್ ತನ್ನ ದರವನ್ನು 2022ರ ಮಾರ್ಚ್‌ನಲ್ಲಿದ್ದ ಸುಮಾರು ಸೊನ್ನೆಯಿಂದ 2023ರ ಜುಲೈ ಹೊತ್ತಿಗೆ ಶೇ. 5.25-5.50ಕ್ಕೆ ಏರಿಸಿತು. 2022ರ ಜುಲೈಯಲ್ಲಿ 2 ವರ್ಷದ ಇಳುವರಿ 10 ವರ್ಷದ್ದನ್ನು ದಾಟಿತು. 2024ರ ಸೆಪ್ಟೆಂಬರ್‌ವರೆಗೆ, ಎರಡು ವರ್ಷಕ್ಕೂ ಹೆಚ್ಚು ಕಾಲ, ರೇಖೆ ಹಾಗೆಯೇ ತಲೆಕೆಳಗಾಗಿ ನಿಂತಿತು. 2023ರಲ್ಲಿ ಹಿಂಜರಿತ ಖಚಿತವೆಂದು ಪಂಡಿತರು ಸಾಲುಗಟ್ಟಿ ಹೇಳಿದರು. 2023 ಕಳೆಯಿತು, 2024 ಕಳೆಯಿತು. ಹಿಂಜರಿತ ಬರಲಿಲ್ಲ. ಭವಿಷ್ಯ ಹೇಳಿದವರಲ್ಲಿ ಯಾರಾದರೂ ಅಂಗಡಿ ಮುಚ್ಚಿದರೇ? ಇಲ್ಲ. ಅದೇ ಕುರ್ಚಿಯಲ್ಲಿ ಕುಳಿತು ಹೊಸ ಜಾತಕ ಬರೆಯುತ್ತಿದ್ದಾರೆ.

ಹಾಗೆಂದು ಆ ರೇಖೆಯಿಂದ ಯಾರಿಗೂ ನೋವಾಗಲಿಲ್ಲ ಎಂದು ನಾವು ಹೇಳುವುದಿಲ್ಲ. ಬ್ಯಾಂಕುಗಳ ಕಸುಬೇ ಅಲ್ಪಾವಧಿಗೆ ಠೇವಣಿ ಪಡೆದು ದೀರ್ಘಾವಧಿಗೆ ಸಾಲ ಕೊಡುವುದು. ರೇಖೆ ತಲೆಕೆಳಗಾದರೆ ಆ ಕಸುಬು ಅಡಿಮೇಲಾಗುತ್ತದೆ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಠೇವಣಿದಾರರ ಹಣವನ್ನು ಕಡಿಮೆ ಬಡ್ಡಿಯ ದೀರ್ಘಾವಧಿ ಬಾಂಡುಗಳಲ್ಲಿ ಹೂಡಿತ್ತು. ದರಗಳು ಏರಿದಂತೆ ಆ ಬಾಂಡುಗಳ ಬೆಲೆ ಕುಸಿಯಿತು. ಅವುಗಳಲ್ಲಿ ಒಂದು ಭಾಗವನ್ನು ಮಾರಿ ಸುಮಾರು 180 ಕೋಟಿ ಡಾಲರ್ ನಷ್ಟವಾಗಿದೆ ಎಂದು ಬ್ಯಾಂಕು ಹೇಳಿದ್ದೇ ತಡ, 2023ರ ಮಾರ್ಚ್ 9ರ ಒಂದೇ ದಿನ ಠೇವಣಿದಾರರು 4,200 ಕೋಟಿ ಡಾಲರ್ ಹಿಂದೆಗೆದರು. ಮರುದಿನ ಬ್ಯಾಂಕು ಮುಚ್ಚಿತು. ವಿಮೆಯ ಮಿತಿ ಎರಡೂವರೆ ಲಕ್ಷ ಡಾಲರ್. ಆದರೂ ಅದಕ್ಕಿಂತ ಎಷ್ಟೋ ಹೆಚ್ಚು ಇಟ್ಟಿದ್ದ ಕಂಪೆನಿಗಳ ಪೂರ್ತಿ ಹಣವನ್ನು ಉಳಿಸಿಕೊಡುವುದಾಗಿ ಅಲ್ಲಿನ ಸರಕಾರ ಎರಡೇ ದಿನಗಳಲ್ಲಿ ಘೋಷಿಸಿತು. ಮಿತಿಯೊಳಗಿನ ಸಣ್ಣವರಿಗೆ ಕಾನೂನಿನ ರಕ್ಷಣೆ ಮೊದಲೇ ಇತ್ತು. ಮಿತಿ ಮೀರಿದ ದೊಡ್ಡವರಿಗಾಗಿ ಕಾನೂನೇ ಹಿಗ್ಗಿತು.

ಇನ್ನೂ ಹಿಂದಕ್ಕೆ ಹೋದರೆ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ. 1979ರಿಂದ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿದ್ದ ಪಾಲ್ ವೋಲ್ಕರ್ ಬೆಲೆಯೇರಿಕೆಯನ್ನು ಮುರಿಯಲು ದರವನ್ನು ಶೇ. 20ರ ಸಮೀಪಕ್ಕೆ ಒಯ್ದರು. ರೇಖೆ ತಲೆಕೆಳಗಾಯಿತು, ಹಿಂಜರಿತ ಬಂತು. 1982ರ ಕೊನೆಗೆ ಅಮೆರಿಕದಲ್ಲಿ ನಿರುದ್ಯೋಗ ಶೇ. 10.8. ಡಾಲರಿನಲ್ಲಿ ಸಾಲ ಮಾಡಿದ್ದ ಮೆಕ್ಸಿಕೊ ಅದೇ ವರ್ಷದ ಆಗಸ್ಟ್‌ನಲ್ಲಿ ಕೈಚೆಲ್ಲಿತು. ಬೆಲೆಯೇರಿಕೆ ತಗ್ಗಿದ್ದು ನಿಜ, ಅದು ಬಡವರಿಗೂ ಒಳಿತೇ. ಆದರೆ ಅಲ್ಲಿ ರೇಖೆ ಹಿಂಜರಿತವನ್ನು 'ಮುನ್ಸೂಚಿಸಿತು' ಎನ್ನುವುದು, ಕೊಡಲಿ ಬೀಸಿದವನನ್ನು ಬಿಟ್ಟು ಕೊಡಲಿಯ ನೆರಳು ಮರ ಬೀಳುವುದನ್ನು ಮೊದಲೇ ಹೇಳಿತು ಎಂದಂತೆ. 2022ರ ಆಗಸ್ಟ್‌ನಲ್ಲಿ ಫೆಡರಲ್ ರಿಸರ್ವ್‌ನ ಅಂದಿನ ಅಧ್ಯಕ್ಷ ಜೆರೋಮ್ ಪೊವೆಲ್ ತಮ್ಮ ಕ್ರಮದಿಂದ ಮನೆಮನೆಗೂ, ವ್ಯಾಪಾರಗಳಿಗೂ ಒಂದಿಷ್ಟು ನೋವಾಗಲಿದೆ ಎಂದು ಬಾಯಿಬಿಟ್ಟೇ ಹೇಳಿದರು. ಆ ಮಟ್ಟಿಗೆ ಅವರು ನಮ್ಮ ಟಿವಿ ಜ್ಯೋತಿಷಿಗಳಿಗಿಂತ ಪ್ರಾಮಾಣಿಕರು.

ಚಪ್ಪಟೆ ರೇಖೆಯದ್ದು ಇನ್ನೊಂದು ಕತೆ. 2023 ಮತ್ತು 2024ರಲ್ಲಿ ನಮ್ಮ ದೇಶದ ರೇಖೆ ಹೆಚ್ಚುಕಡಿಮೆ ಮಲಗಿಯೇ ಇತ್ತು. 364 ದಿನಗಳ ಹುಂಡಿಗೆ ಶೇ. 7ರ ಆಸುಪಾಸು, 10 ವರ್ಷಕ್ಕೂ ಶೇ. 7ಕ್ಕಿಂತ ಚೂರು ಹೆಚ್ಚು, 30 ವರ್ಷಕ್ಕೂ ಅದಕ್ಕಿಂತ ಬಹಳವೇನಿಲ್ಲ. ಒಂದು ವರ್ಷಕ್ಕೆ ಕೊಟ್ಟರೂ ಮೂವತ್ತು ವರ್ಷಕ್ಕೆ ಕೊಟ್ಟರೂ ಒಂದೇ ಪ್ರತಿಫಲವಾದರೆ ಮೂವತ್ತು ವರ್ಷಕ್ಕೆ ಕೊಡುವವರಾದರೂ ಯಾರು? ಉತ್ತರ ನಮ್ಮ ನಡುವೆಯೇ ಇದೆ. ಬ್ಯಾಂಕುಗಳು ತಮ್ಮ ಠೇವಣಿಯ ಶೇ. 18ರಷ್ಟನ್ನು ಸರಕಾರಿ ಸಾಲಪತ್ರದಂಥವುಗಳಲ್ಲೇ ಇಡಬೇಕೆಂದು 2020ರಿಂದ ನಿಯಮವಿದೆ. 1990ರ ಸುಮಾರಿಗೆ ಇದು ಶೇ. 38.5 ಇತ್ತು. ವಿಮಾ ಕಂಪೆನಿಗಳಿಗೂ ಇಂಥ ನಿಯಮವಿದೆ. ಕಾರ್ಮಿಕರ ಭವಿಷ್ಯ ನಿಧಿಯ ಹೊಸ ಹಣದಲ್ಲಿ ಕನಿಷ್ಠ ಶೇ. 45 ಸರಕಾರಿ ಬಾಂಡುಗಳಿಗೇ ಹೋಗಬೇಕು. ಅಂದರೆ ನಮ್ಮಲ್ಲಿ ಬಲತುದಿಯನ್ನು ಹಿಡಿದು ಕೆಳಗಿಟ್ಟಿರುವುದು ಪಾಲಿಸಿ ಕಂತು ಕಟ್ಟುವ ಗುಮಾಸ್ತ, ಸಂಬಳದಿಂದ ಪಿಎಫ್ ಮುರಿಸಿಕೊಳ್ಳುವ ಕಾರ್ಮಿಕ, ಉಳಿತಾಯ ಖಾತೆಯ ಗೃಹಿಣಿಯ ಹಣ. ದರ ಕೇಳುವ ಹಕ್ಕಿಲ್ಲದ ಸಾಲಿಗರು ಇವರು! 2021-22ರಲ್ಲಿ ಭವಿಷ್ಯ ನಿಧಿಯ ಬಡ್ಡಿಯನ್ನು ಶೇ. 8.1ಕ್ಕೆ ಇಳಿಸಿದಾಗ ಅದು ನಾಲ್ಕು ದಶಕಗಳಲ್ಲೇ ಕಡಿಮೆಯಾಗಿತ್ತು. ಮುಂದೆ ಶೇ. 8.25ಕ್ಕೆ ಏರಿತು ಎಂಬುದನ್ನೂ ಹೇಳಬೇಕು. ಆದರೆ ಏರಿದ್ದೂ ಇಳಿದದ್ದೂ ಯಾವ ಲೆಕ್ಕದಿಂದ ಎಂದು ದಕ್ಷಿಣ ಕನ್ನಡದ ಬೀಡಿ ಕಾರ್ಮಿಕ ಮಹಿಳೆಗೆ ಅವಳ ಭಾಷೆಯಲ್ಲಿ ಯಾರಾದರೂ ವಿವರಿಸಿದ್ದುಂಟೇ?

ಗೂನುಬೆನ್ನಿನ ರೇಖೆಯೂ ಒಂದುಂಟು. ಎರಡೂ ತುದಿ ತಗ್ಗಿ ನಡುವೆ ಉಬ್ಬುವುದು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವಾಗ ಇದು ಕಾಣಿಸಿಕೊಳ್ಳುತ್ತದೆ. ದರ ಇನ್ನೂ ಸ್ವಲ್ಪ ಏರಿ ಆಮೇಲೆ ಇಳಿಯುತ್ತದೆ ಎಂಬ ಎಣಿಕೆ ಅದರಲ್ಲಿರುತ್ತದೆ.

ಆಕಾರವನ್ನಷ್ಟೇ ನೋಡಿದರೆ ಹೇಗೆ ಮೋಸ ಹೋಗುತ್ತೇವೆ ಎಂಬುದಕ್ಕೆ 2025 ಒಳ್ಳೆಯ ಸಾಕ್ಷಿ. ಆ ವರ್ಷದ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 6.5ರಿಂದ 5.5ಕ್ಕೆ ಇಳಿಸಿತು. ಆದರೆ ಜೂನ್ ಕಡಿತದ ಬಳಿಕದ ವಾರಗಳಲ್ಲಿ 10 ವರ್ಷಗಳ ಬಾಂಡಿನ ಇಳುವರಿ ಇಳಿಯುವ ಬದಲು ಏರಿತು. ರೇಖೆ ಕಡಿದಾಯಿತು. ಠೇವಣಿದಾರನ ಬಡ್ಡಿ ಇಳಿಯಿತು, ಸರಕಾರದ ದೀರ್ಘ ಸಾಲ ಮಾತ್ರ ಅಷ್ಟು ಅಗ್ಗವಾಗಲಿಲ್ಲ. ಬಲತುದಿಯೊಂದೇ ಸಿಡಿದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ 2022ರಲ್ಲಿ ಕಂಡಿತು. ಸೆಪ್ಟೆಂಬರ್ 23ರಂದು ಲಿಝ್ ಟ್ರಸ್ ಸರಕಾರ ಹಣದ ಮೂಲ ಹೇಳದೆ 4,500 ಕೋಟಿ ಪೌಂಡುಗಳ ತೆರಿಗೆ ಕಡಿತ ಘೋಷಿಸಿತು. 30 ವರ್ಷಗಳ ಬಾಂಡಿನ ಇಳುವರಿ ಕೆಲವೇ ದಿನಗಳಲ್ಲಿ ಶೇ. 5ನ್ನು ದಾಟಿತು. ಪಿಂಚಣಿ ನಿಧಿಗಳು ತತ್ತರಿಸಿ, 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ಧುಮುಕಬೇಕಾಯಿತು. ಅಕ್ಟೋಬರ್ 20ಕ್ಕೆ ಟ್ರಸ್ ರಾಜೀನಾಮೆ ಘೋಷಿಸಿದರು. ಎರಡೂ ಕಡೆ ರೇಖೆಯ ಬಲತುದಿ ಮೇಲೆದ್ದಿತು, ಆದರೆ ಕಾರಣ ಬೇರೆ, ಬೆಲೆ ತೆತ್ತವರು ಬೇರೆ.

ನಮ್ಮ ಸಮುದಾಯದ ಕೆಲವು ಮಿತ್ರರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ಬಾಂಡ್ ಎಂದರೆ ಬಡ್ಡಿ, ಬಡ್ಡಿ ನಮಗೆ ನಿಷಿದ್ಧ, ಮತ್ತೆ ಅದರ ರೇಖೆಯನ್ನು ನಾವೇಕೆ ಓದಬೇಕು ಎನ್ನುತ್ತಾರೆ. ಬಾಂಡ್ ಕೊಳ್ಳಿರಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಆದರೆ ಬಡ್ಡಿಯನ್ನು ಮುಟ್ಟದವನನ್ನೂ ಬಡ್ಡಿ ಮುಟ್ಟದೆ ಬಿಡುತ್ತದೆಯೇ? 2025-26ರ ಕೇಂದ್ರ ಬಜೆಟ್ 50.65 ಲಕ್ಷ ಕೋಟಿ ರೂಪಾಯಿಯದ್ದು. ಅದರಲ್ಲಿ ಬಡ್ಡಿ ಪಾವತಿಗೆಂದೇ 12.76 ಲಕ್ಷ ಕೋಟಿ, ಅಂದರೆ ಕಾಲು ಭಾಗ. ಸೋಪಿಗೆ, ಚಪ್ಪಲಿಗೆ ತೆರಿಗೆ ಕಟ್ಟುವ ಪ್ರತಿಯೊಬ್ಬನೂ ಅದರಲ್ಲಿ ಪಾಲುದಾರ. ಬಡ್ಡಿಯನ್ನು ಅನ್ಯಾಯವೆಂದು ಬಗೆಯುವವರೇ ಅದರ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಕಲಿಯಬೇಕಲ್ಲವೇ? ಬಡ್ಡಿರಹಿತವೆಂದು ಕರೆಯಲಾಗುವ ಸುಕೂಕ್ ಪತ್ರಗಳ ದೊಡ್ಡ ಪೇಟೆಯಿರುವ ಮಲೇಷ್ಯಾದಲ್ಲೂ ಅವಧಿಗೆ ತಕ್ಕಂತೆ ಗಳಿಕೆಯ ರೇಖೆ ಎಳೆಯುತ್ತಾರೆ. ಕಾಲಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಹೆಸರು ಬದಲಿಸಿದ ಮಾತ್ರಕ್ಕೆ ಮಾಯವಾಗುವುದಿಲ್ಲ.

ಇನ್ನೊಂದು ಆಕ್ಷೇಪ ಪರಿಣತರದ್ದು. ಇದು ಕ್ಲಿಷ್ಟ ವಿಷಯ, ಜನಸಾಮಾನ್ಯರಿಗೆ ಬೇಡ ಎನ್ನುತ್ತಾರೆ. ಅಡಿಕೆ ಧಾರಣೆಯನ್ನು ಹೊಸದು, ಹಳೆಯದು ಎಂದು ವಿಂಗಡಿಸಿ ದಿನವೂ ಓದುವ ಕೃಷಿಕನಿಗೆ, ಚಿನ್ನದ ದರದ ಏರಿಳಿತವನ್ನು ಬಾಯಲ್ಲೇ ಹೇಳುವ ಗೃಹಿಣಿಗೆ ಮೂರು ಅಂಕಿಗಳು ಅರ್ಥವಾಗುವುದಿಲ್ಲವೇ? 91 ದಿನ, 10 ವರ್ಷ, 30 ವರ್ಷ ಎಂಬ ಮೂರು ಇಳುವರಿಗಳನ್ನು ವಾರಕ್ಕೊಮ್ಮೆ ಧಾರಣೆಯ ಅಂಕಣದಲ್ಲಿ ಹಾಕಲು ನಮ್ಮ ಕನ್ನಡ ಪತ್ರಿಕೆಗಳಿಗೆ ಎಷ್ಟು ಜಾಗ ಬೇಕು? ಚಿಲ್ಲರೆ ಹೂಡಿಕೆದಾರರೂ ನೇರವಾಗಿ ಸರಕಾರಿ ಬಾಂಡ್ ಕೊಳ್ಳುವ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಆರಂಭಿಸಿದೆ. ಕೊಳ್ಳಲು ಬಾಗಿಲು ತೆರೆದವರು ಓದಲು ಕಲಿಸುವ ಹೊಣೆಯನ್ನೂ ಹೊರಲಿ.

ನಮ್ಮ ರಾಜ್ಯವನ್ನೇ ತೆಗೆದುಕೊಳ್ಳಿ. 2025-26ರ ಬಜೆಟ್‌ನಲ್ಲಿ ಕರ್ನಾಟಕ ಸರಕಾರ 1.16 ಲಕ್ಷ ಕೋಟಿ ರೂಪಾಯಿ ಸಾಲ ಎತ್ತುವ ಅಂದಾಜು ಮಾಡಿತು. ರಾಜ್ಯಗಳ ಸಾಲಪತ್ರಗಳನ್ನು ಹರಾಜು ಹಾಕುವುದು ರಿಸರ್ವ್ ಬ್ಯಾಂಕ್. ಅದೇ ಅವಧಿಯ ಕೇಂದ್ರದ ಬಾಂಡಿನ ಇಳುವರಿಗಿಂತ ತುಸು ಹೆಚ್ಚಿಗೆಯೇ ರಾಜ್ಯಗಳು ಕೊಡಬೇಕಾಗುತ್ತದೆ. ಇಷ್ಟು ದೊಡ್ಡ ಮೊತ್ತದ ಮೇಲೆ ಕಾಲು ಶೇಕಡಾ ವ್ಯತ್ಯಾಸವಾದರೆ ವರ್ಷಕ್ಕೆ 290 ಕೋಟಿ ರೂಪಾಯಿ. ಸಾಲ ತೀರುವವರೆಗೂ ಪ್ರತಿ ವರ್ಷ! ಬಜೆಟ್ ಚರ್ಚೆಯಲ್ಲಿ ಸಾಲ ಹೆಚ್ಚಾಯಿತು ಎಂದು ಒಬ್ಬರು ಕೂಗುತ್ತಾರೆ, ನಿಮ್ಮ ಕಾಲದಲ್ಲೂ ಮಾಡಿದ್ದಿರಿ ಎಂದು ಇನ್ನೊಬ್ಬರು ಕೂಗುತ್ತಾರೆ. ಎಷ್ಟು ವರ್ಷಕ್ಕೆ, ಯಾವ ದರಕ್ಕೆ, ರೇಖೆ ಹೇಗಿದ್ದಾಗ ಸಾಲ ಎತ್ತಿದಿರಿ ಎಂದು ಕೇಳುವ ಶಾಸಕರು ನಮಗೆ ಬೇಕಾಗಿದ್ದಾರೆ.

ಇನ್ನು ಮುಂದೆ ಟಿವಿಯಲ್ಲಿ ಯಾರಾದರೂ ಇಳುವರಿ ರೇಖೆ ತೋರಿಸಿ ಭವಿಷ್ಯ ಹೇಳಲು ಹೊರಟರೆ ಓದುಗರು ಮೂರು ಪ್ರಶ್ನೆಗಳನ್ನು ಮುಂದಿಡಲಿ. ಕದಲಿದ್ದು ಯಾವ ತುದಿ? ಕದಲಿಸಿದ ಕೈ ಯಾರದ್ದು? ಅದರ ಬೆಲೆ ತೆರುವವರು ಯಾರು? ಈ ಮೂರಕ್ಕೆ ಉತ್ತರ ಕೊಡದವರ ಭವಿಷ್ಯವಾಣಿಗೆ ಗಿಳಿಶಾಸ್ತ್ರಕ್ಕಿಂತ ಹೆಚ್ಚಿನ ಗೌರವ ಬೇಕಿಲ್ಲ. ಸಾರ್ವಜನಿಕ ಸೊತ್ತು ಎಂದು ಅವರೇ ಹೇಳಿದ್ದಾರೆ. ಲೆಕ್ಕ ಕೇಳುವ ಹಕ್ಕು ಆ ಮಾತಿನಲ್ಲೇ ಇದೆ.